ಬರಿಗಾಲಲ್ಲಿ ಓಡುವವಳಿಗೆ

ಫೆಬ್ರುವರಿ 9

ಬುಗುರಿ,

ನಿನಗೆ ಬುದ್ಧಿ ಎಂಬುದು ಇದೆಯೋ, ಅದನ್ನೂ ಚಪ್ಪಲಿಯ ಜೊತೆ ಬಿಚ್ಚಿಟ್ಟಿದ್ದೀಯೋ? ನೆಟ್ಟಗೆ ಕೂತುಕೊಂಡು ಓದು. ಕಾಲು ಅಲ್ಲಾಡಿಸಬೇಡ. ಎಂಟು ತಿಂಗಳ ಹಿಂದೆ ಡಾಕ್ಟರು ಕೀಲುಬೇನೆ ಅಂದರು, ಬೆಳಗ್ಗೆ ಎದ್ದರೆ ಬೆರಳು ಮುಷ್ಟಿ ಕಟ್ಟುವುದಿಲ್ಲ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ ಅಂತ ನೀನೇ ಬರೆದೆ. ಈಗ ಅದೇ ಕೈಯಿಂದ ‘ಅಜ್ಜಿ, ಬರಿಗಾಲಲ್ಲಿ ಓಡಲು ಶುರು ಮಾಡಿದ್ದೇನೆ’ ಅಂತ ಬರೆಯುವಾಗ ನಿನಗೇನೂ ಅನ್ನಿಸಲಿಲ್ಲವೇ? ಕುಂಟನಿಗೆ ಎಂಟು ಚೇಷ್ಟೆ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ. ಈ ಗಾದೆ ಬರೆದ ಮೇಲೆ ತಲೆಯೆತ್ತಿ ನಿನ್ನ ಅಮ್ಮನನ್ನು ನೋಡಿದೆ. ಆ ಸಾಲನ್ನು ಗೀಚಿ ಹಾಕಬೇಕು ಅನ್ನಿಸಿತು. ಇರಲಿ, ಶಾಯಿ ಆಗಲೇ ಖರ್ಚಾಗಿದೆ.

ಅವಳು ಕಿಟಕಿಯ ಹತ್ತಿರ ತನ್ನ ಕುರ್ಚಿಯಲ್ಲಿ ಕೂತು ಟ್ಯೂಷನ್ ಮಕ್ಕಳ ಲೆಕ್ಕ ತಿದ್ದುತ್ತಿದ್ದಾಳೆ. ಎರಡೂ ಕಾಲು ಮುಂದಕ್ಕೆ ಚಾಚಿ ಸ್ಟೂಲಿನ ಮೇಲಿವೆ. ಇಪ್ಪತ್ತೊಂದು ವರ್ಷದಿಂದ ಆ ಮಂಡಿಗಳು ಮಡಚಿಲ್ಲ. ಅದೇ ಬೇನೆ ನಿನಗೂ ಬಂದಿದೆ ಎಂಬುದು ಅವಳಿಗೆ ಗೊತ್ತಿಲ್ಲ. ಹೇಳಬೇಡ ಅಂದೆ, ಹೇಳಿಲ್ಲ. ಫೋನಿನಲ್ಲಿ ಬೈಯೋಣವೆಂದರೆ ಈ ಎರಡು ಕೋಣೆಗಳಲ್ಲಿ ಉಸಿರು ಬಿಟ್ಟರೂ ಅವಳಿಗೆ ಕೇಳುತ್ತದೆ. ಅದಕ್ಕೇ ಮೂರನೇ ಕ್ಲಾಸು ಓದಿದ ಮುದುಕಿ ಪೆನ್ನು ಹಿಡಿದು ಕೂತಿದ್ದೇನೆ.

“ಯಾರಿಗಮ್ಮ ಅಷ್ಟು ಬರೀತಿದ್ದೀಯ?” ಅಂದಳು ಈಗ.

“ಲಾಂಡ್ರೀಲಿ ನನ್ನ ಜೊತೆ ಇದ್ದಳಲ್ಲ, ಬಟ್ಟೆಗೆ ಗಂಜಿ ಹಾಕೋ ಗಂಜಿಯವಳು. ಅವಳಿಗೆ.”

“ಆಕೆಗೆ ಓದೋಕೇ ಬರಲ್ಲ ಅಂತಿದ್ದೆ?”

“ಓದಿಸ್ಕೋತಾಳೆ. ನೀನು ನಿನ್ನ ಲೆಕ್ಕ ನೋಡು.”

ನೋಡು, ನಿನ್ನಿಂದಾಗಿ ಈ ವಯಸ್ಸಿನಲ್ಲಿ ಸುಳ್ಳು ಹೇಳುತ್ತಿದ್ದೇನೆ. ನಿನ್ನ ಪತ್ರಗಳೆಲ್ಲ ಕೆಳಗಿನ ಗಡಿಯಾರ ರಿಪೇರಿಯವನ ಅಂಗಡಿಗೆ ಬರುತ್ತವೆ. ನಿನ್ನ ಅಮ್ಮ ಮೆಟ್ಟಿಲಿಳಿದು ಅಲ್ಲಿಗೆ ಹೋಗಲಾರಳು, ಅದೊಂದು ಅನುಕೂಲ. ಅನುಕೂಲ ಅಂತ ಬರೆದದ್ದಕ್ಕೆ ನನ್ನ ಬಾಯಿಗೆ ಹುಳ ಬೀಳಲಿ. ಅವನು ಲಕೋಟೆ ಕೊಡುತ್ತಾ “ಏನಜ್ಜಿ, ಈ ವಯಸ್ಸಲ್ಲಿ ಗುಟ್ಟಿನ ಕಾಗದ?” ಅಂದ. “ನಿನ್ನ ಅಂಗಡೀಲಿ ಎರಡು ಗಡಿಯಾರ ಒಂದೇ ಟೈಮ್ ತೋರಿಸಲ್ಲ, ಅದನ್ನ ನೋಡ್ಕೋ” ಅಂದೆ.

ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೆಂಟು ವರ್ಷ ನಿಂತು ಇಸ್ತ್ರಿ ಮಾಡಿದವಳು. ಕಾಲಿನ ಬೆಲೆ ನಿನಗಿಂತ ಚೆನ್ನಾಗಿ ಗೊತ್ತು. ನೀನು ಆ ಊರಿನ ಔಷಧಿ ಅಂಗಡಿಯ ಕೆಲಸದಲ್ಲಿ ದಿನವಿಡೀ ನಿಲ್ಲುವುದೇ ಹೆಚ್ಚು. ಓಟ ಬಿಡು. ಕೆಲಸ ಮುಗಿಸಿ ಕೋಣೆಗೆ ಬಂದು ಕಾಲು ಚಾಚಿ ಕೂತುಕೋ. ಅಲುಗಾಡಬೇಡ. ನನಗೆ ನಿಜವಾಗಿಯೂ ಹೆದರಿಕೆಯಾಗುತ್ತಿದೆ.

ನಿನ್ನ ಅಜ್ಜಿ


ಫೆಬ್ರುವರಿ 27

ಅಜ್ಜಿ,

ಬೈದದ್ದು ಮುಗಿಯಿತೇ? ನೆಟ್ಟಗೆ ಕೂತೇ ಓದಿದೆ. ಕಾಲು ಮಾತ್ರ ಅಲ್ಲಾಡಿಸಿದೆ.

ನನ್ನ ಕೋಣೆಯಿಂದ ಎರಡು ಬೀದಿಯಾಚೆ ಶಾಲೆಯ ಹುಲ್ಲಿನ ಮೈದಾನವಿದೆ. ಅಲ್ಲಿ ಒಬ್ಬರು ಡ್ರಿಲ್ ಮೇಷ್ಟ್ರು, ಈಗ ನಿವೃತ್ತರು, ಬೆಳಗ್ಗೆ ಏಳೆಂಟು ಮಂದಿಯನ್ನು ಓಡಿಸುತ್ತಾರೆ. ಅವರ ಮಂಡಿಯೂ ಸವೆದಿದೆ. ಬೂಟು ಹಾಕಿದಾಗ ನಾವು ಹಿಮ್ಮಡಿಯನ್ನು ನೆಲಕ್ಕೆ ಕುಟ್ಟುತ್ತೇವಂತೆ, ಆ ಪೆಟ್ಟು ನೇರ ಮಂಡಿಗೆ ಏರುತ್ತದಂತೆ. ಬರಿಗಾಲಾದರೆ ಕುಟ್ಟಲು ಕಾಲೇ ಒಪ್ಪುವುದಿಲ್ಲ, ತಾನಾಗಿ ಹಗುರವಾಗಿ ಇಳಿಯುತ್ತದೆ. “ಎಲ್ಲರಿಗೂ ಆಗಿಬರತ್ತೆ ಅಂತ ನಾನು ಹೇಳಲ್ಲ ಕಣಮ್ಮ. ಮೊದಲು ಐದೇ ನಿಮಿಷ, ಹುಲ್ಲಿನ ಮೇಲೆ. ಪಾದ ಬೇಡ ಅಂದ ಕ್ಷಣ ನಿಲ್ಲಿಸಿಬಿಡು” ಅಂದರು. ಒಳ್ಳೆಯವರು. ನಿನ್ನ ಹಾಗೆಯೇ ಬೈಯುತ್ತಾರೆ.

ಮೊದಲ ದಿನ ಹುಲ್ಲು ಒದ್ದೆಯಾಗಿತ್ತು. ಎಷ್ಟೋ ತಿಂಗಳ ಮೇಲೆ ನನ್ನ ಮೈಯಲ್ಲಿ ನೋವಲ್ಲದ್ದೇನೋ ಒಂದು ನನಗೆ ಗೊತ್ತಾಯಿತು. ನಾಲ್ಕು ನಿಮಿಷ ಓಡಿದೆ. ಅಳು ಬಂತು. ಮೇಷ್ಟ್ರು ಮುಳ್ಳು ಚುಚ್ಚಿತು ಅಂದುಕೊಂಡರು.

ಈಗ ಇಪ್ಪತ್ತು ನಿಮಿಷಕ್ಕೆ ಬಂದಿದ್ದೇನೆ. ಮೇಷ್ಟ್ರಿಗೆ ಹೇಳಿಲ್ಲ, ಅವರು ಹೋದ ಮೇಲೆ ಡಾಂಬರು ರಸ್ತೆಯಲ್ಲಿ ಇನ್ನೊಂದು ಸುತ್ತು ಹಾಕುತ್ತೇನೆ. ಹೆದರಬೇಡ, ಓಡುವ ದಿನ ಮೊದಲೇ ಒಂದು ನೋವಿನ ಮಾತ್ರೆ ನುಂಗಿರುತ್ತೇನೆ. ಅಂಗಡಿಯಲ್ಲಿ ಅದಕ್ಕೇನು ಬರ. ಆಮೇಲೆ ಏನೂ ಗೊತ್ತಾಗುವುದಿಲ್ಲ.

ನೀನು ಕೂತುಕೋ ಅನ್ನುತ್ತೀಯ. ಕೂತರೆ ಏನಾಗುತ್ತದೆಂದು ನಾನು ಐದನೇ ವಯಸ್ಸಿನಿಂದ ನೋಡಿದ್ದೇನೆ. ನಿನ್ನೆ ಒಬ್ಬರಿಗೆ ಸಿರಪ್ ಬಾಟಲಿಯ ಮುಚ್ಚಳ ತೆಗೆದು ಕೊಡಲು ಹೋದೆ, ಆಗಲಿಲ್ಲ. ಅವರೇ ತೆಗೆದುಕೊಂಡರು. ಎಂಬತ್ತು ದಾಟಿದ ಮುದುಕರು. ನಗುತ್ತಾ ಥ್ಯಾಂಕ್ಸ್ ಬೇರೆ ಹೇಳಿದರು. ಅಜ್ಜಿ, ಆ ಕುರ್ಚಿ ನನ್ನ ಹಿಂದೆಯೇ ಬರುತ್ತಿದೆ ಅನ್ನಿಸುತ್ತದೆ. ಅದು ಹತ್ತಿರ ಬರುವ ಮೊದಲು ಎಷ್ಟು ಓಡಲು ಆಗುತ್ತದೋ ಅಷ್ಟು ಓಡಿಬಿಡುತ್ತೇನೆ.

ಅಮ್ಮನಿಗೆ ಹೇಳಬೇಡ.

ಬುಗುರಿ


ಮಾರ್ಚ್ 14

ಬುಗುರಿ,

ನಿನ್ನ ಪತ್ರವನ್ನು ಗಡಿಯಾರದವನ ಅಂಗಡಿಯಲ್ಲೇ ನಿಂತು ಮೂರು ಸಲ ಓದಿದೆ. ಮೂರನೇ ಸಲ ಅವನು ಕೂರಲು ಸ್ಟೂಲು ಕೊಟ್ಟ. ನನ್ನ ಮುಖ ಹಾಗಿತ್ತೇನೋ.

ಆ ಮೇಷ್ಟ್ರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮಾತು ಮಾತಿನಂತಿದೆ. ಅರ್ಥವಾಗಲಿ ಅಂತ ನಾನೂ ಚಪ್ಪಲಿ ಬಿಚ್ಚಿ ಮಹಡಿಯ ಮೊಗಸಾಲೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆದೆ. ಎಲ್ಲಿ ಮರಳಿನ ಕಾಳಿದೆ, ಎಲ್ಲಿ ನೀರು ಚೆಲ್ಲಿದೆ, ಎಲ್ಲ ತಿಳಿಯಿತು. ಒಂದು ಕಡೆ ಸಿಮೆಂಟು ಎದ್ದಿತ್ತು, ತಲೆ ಯೋಚಿಸುವ ಮೊದಲೇ ಪಾದ ಎದ್ದುಬಿಟ್ಟಿತು. ಎದುರು ಮನೆಯವಳು ನೋಡಿ “ಚಪ್ಪಲಿ ಕಿತ್ತೋಯ್ತಾ ಅಜ್ಜಿ?” ಅಂದಳು. “ಇಲ್ಲ, ಓಡಿಹೋಗೋಕೆ ಪ್ರಾಕ್ಟೀಸ್ ಮಾಡ್ತಿದೀನಿ” ಅಂದೆ.

ಆದರೆ ಮಾತ್ರೆಯ ವಿಷಯ ಓದಿದ ಮೇಲೆ ನನಗೆ ಊಟ ಸೇರಿಲ್ಲ. ಪಾದಕ್ಕೆ ನೆಲ ತಿಳಿಯಲಿ ಅಂತ ಬೂಟು ಬಿಚ್ಚುತ್ತೀಯ. ತಿಳಿಯಬಾರದು ಅಂತ ಮಾತ್ರೆ ನುಂಗುತ್ತೀಯ. ಇದು ಯಾವ ಊರಿನ ಜಾಣತನ? ನಮ್ಮ ಇಸ್ತ್ರಿ ಕೋಣೆಯಲ್ಲಿ ಒಬ್ಬಳಿದ್ದಳು, ಉದ್ದಜಡೆ ಅಂತ ಕರೆಯುತ್ತಿದ್ದೆವು. ಬಿಸಿ ಬೆಡ್‌ಶೀಟುಗಳನ್ನು ಎಲ್ಲರಿಗಿಂತ ಬೇಗ ಮಡಚಬೇಕು ಅಂತ ಹಟ. ಕೈಯನ್ನು ಬಕೆಟ್ಟಿನ ಐಸಿನಲ್ಲಿ ಮರಗಟ್ಟಿಸಿಕೊಂಡು ಬರುತ್ತಿದ್ದಳು. ಒಂದು ದಿನ ಕೋಣೆಯಲ್ಲಿ ವಾಸನೆ ಬಂತು. ಬಟ್ಟೆ ಸುಡುತ್ತಿದೆ ಅಂತ ಎಲ್ಲರೂ ಅವರವರ ಮೇಜು ನೋಡಿಕೊಂಡೆವು. ಅವಳೂ ಬಗ್ಗಿ ತನ್ನ ಮೇಜು ನೋಡಿಕೊಂಡಳು. ಆಗ ಕಂಡಿತು, ಅವಳ ಅಂಗೈ ಇಸ್ತ್ರಿಪೆಟ್ಟಿಗೆಯ ಅಂಚಿಗೆ ತಾಗಿಕೊಂಡೇ ಇತ್ತು. ಅವಳ ಮುಖದಲ್ಲಿ ನೋವಿರಲಿಲ್ಲ. ಆ ಮುಖ ನನಗೆ ಇವತ್ತಿಗೂ ಕಾಣುತ್ತದೆ.

ಮಾತ್ರೆ ಬಿಡು. ಡಾಂಬರು ಬಿಡು. ಓಟವನ್ನೂ ಬಿಡು ಅಂತ ಹೇಳಿ ಹೇಳಿ ಸಾಕಾಗಿದೆ. ಕುರ್ಚಿ ನಿನ್ನ ಹಿಂದೆ ಬರುತ್ತಿದೆ ಅಂತ ಬರೆದಿದ್ದೀಯ. ಅದಕ್ಕೆ ಉತ್ತರ ಬರೆಯಲು ಕೂತೆ. ಎರಡು ಸಲ ಬರೆದು ಹರಿದು ಹಾಕಿದೆ.

ಅಜ್ಜಿ


ಏಪ್ರಿಲ್ 20

ಬುಗುರಿ,

ಐದು ವಾರವಾಯಿತು, ಒಂದು ಗೆರೆಯಿಲ್ಲ. ದಿನಾ ಕೆಳಗೆ ಹೋಗಿ ಬರಿಗೈಯಲ್ಲಿ ಮೇಲೆ ಬರುತ್ತೇನೆ. ಗಡಿಯಾರದವನು ಈಗ ತಮಾಷೆ ಮಾಡುವುದಿಲ್ಲ. ನನ್ನನ್ನು ದೂರದಿಂದ ಕಂಡರೇ ಇಲ್ಲ ಅಂತ ತಲೆಯಾಡಿಸಿಬಿಡುತ್ತಾನೆ. ತಮಾಷೆ ಮಾಡಿದ್ದರೇ ಚೆನ್ನಾಗಿತ್ತು.

ಭಾನುವಾರ ನೀನು ಫೋನ್ ಮಾಡಿದಾಗ ಅಮ್ಮನ ಹತ್ತಿರ ಜೋರಾಗಿ ನಕ್ಕೆ. ಆ ನಗು ನಿನ್ನದಲ್ಲ. ಫೋನ್ ಇಟ್ಟ ಮೇಲೆ ಅವಳು ಮಕ್ಕಳ ಲೆಕ್ಕದ ಪುಸ್ತಕ ಮುಚ್ಚಿಟ್ಟಳು. ಆಮೇಲೆ ಅಂದಳು: “ಮಾತಾಡ್ತಾ ಮೆಟ್ಟಿಲು ಇಳೀತಿದ್ಲು ಅನ್ಸತ್ತೆ. ಒಂದೊಂದು ಮೆಟ್ಟಿಲಿಗೂ ಉಸಿರು ಹಿಡೀತಿದ್ಲು.”

“ಅದೆಲ್ಲ ಇಲ್ಲಿಗೆ ಕೇಳತ್ತಾ? ನಿನ್ನ ಭ್ರಮೆ,” ಅಂದೆ.

“ನನಗೆ ಆ ಉಸಿರು ಗೊತ್ತಮ್ಮ.”

ನಾನು ಎದ್ದು ಒಳಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ. ಬೇರೇನು ಮಾಡಲಿ?

ಏನಾಗಿದೆ ಅಂತ ಬರೆ. ಕೆಟ್ಟದ್ದಾದರೂ ಸರಿ. ಗೊತ್ತಿಲ್ಲದೆ ಕೂತರೆ ನನ್ನ ತಲೆ ಅದಕ್ಕಿಂತ ಕೆಟ್ಟದ್ದನ್ನು ತಾನೇ ಕಟ್ಟಿಕೊಳ್ಳುತ್ತದೆ.

ಅಜ್ಜಿ


ಮೇ 6

ಅಜ್ಜಿ,

ನೀನು ಹೇಳಿದ ಹಾಗೇ ಆಯಿತು. ಸಂತೋಷಪಡು.

ಏಪ್ರಿಲ್ ಮೊದಲ ವಾರ ಡಾಂಬರಿನ ಮೇಲೆ ಓಡಿ ಬಂದು ಸ್ನಾನ ಮಾಡಿ ಕೆಲಸಕ್ಕೆ ಹೊರಟೆ. ಬಲಗಾಲು ಚಪ್ಪಲಿಯೊಳಗೆ ಹೋಗಲಿಲ್ಲ. ಬಗ್ಗಿ ನೋಡಿದರೆ ಪಾದ ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ನೋವಿರಲಿಲ್ಲ. ಮಾತ್ರೆಯ ಪ್ರಭಾವ ಇನ್ನೂ ಇಳಿದಿರಲಿಲ್ಲ. ಹಾಗೇ ಸಂಜೆಯವರೆಗೆ ನಿಂತು ಕೆಲಸ ಮಾಡಿದೆ. ಎರಡು ವಾರ ಮಾತ್ರೆ ಮೇಲೆ ಮಾತ್ರೆ ನುಂಗಿ ನಡೆದಾಡಿದೆ. ಆ ಭಾನುವಾರ ಫೋನ್ ಮಾಡಿದ್ದು ಅದೇ ಕಾಲಿನಲ್ಲಿ. ಮರುದಿನ ಎಕ್ಸ್-ರೇ ತೆಗೆದರು. ಬೆರಳಿನ ಹಿಂದಿನ ಉದ್ದ ಮೂಳೆ ಬಿರುಕು ಬಿಟ್ಟಿದೆ. ಕಟ್ಟು ಹಾಕಿದ್ದಾರೆ, ಆರು ವಾರ. ಮೇಷ್ಟ್ರು ನೋಡಲು ಬಂದರು. ಒಂದು ಮಾತೂ ಬೈಯಲಿಲ್ಲ. ಅದೇ ಕಷ್ಟವಾಯಿತು.

ಈಗ ಕೋಣೆಯಲ್ಲಿ ಮಲಗಿದ್ದೇನೆ. ಮನೆಯೊಡತಿ ಊಟ ತಂದಿಟ್ಟು ಹೋಗುತ್ತಾರೆ. ಪಾದಕ್ಕಿಂತ ಮಂಡಿಗಳೇ ಕೆಟ್ಟಿವೆ, ಎರಡೂ ಊದಿಕೊಂಡಿವೆ, ಮಡಚಿದರೆ ಜೀವ ಹೋಗುತ್ತದೆ. ‘ಮಂಡಿ ಆಡಿಸುತ್ತಿರಿ’ ಅಂದರು ಡಾಕ್ಟರು. ಆಡಿಸುತ್ತಿಲ್ಲ. ಕೆಳಗೆ ದಿಂಬು ಕೊಟ್ಟು, ಸುತ್ತ ಬಟ್ಟೆ ಬಿಗಿದು ನೇರ ಇಟ್ಟುಕೊಂಡಿದ್ದೇನೆ. ಹದಿನಾರು ದಿನವಾಯಿತು.

ಆಡಿಸಿ ಏನು ಮಾಡಲಿ? ಅಮ್ಮನಿಗೆ ನೀನು ದಿನಾ ಶಾಖ ಕೊಟ್ಟು ಬಟ್ಟೆ ಸುತ್ತುತ್ತಿದ್ದದ್ದು ನನಗೆ ನೆನಪಿದೆ. ಆಸ್ಪತ್ರೆಯ ಬೆಡ್‌ಶೀಟಿನ ಬಿಳಿ ಪಟ್ಟಿಗಳು. ಅಷ್ಟು ಪ್ರೀತಿಯಿಂದ ನೋಡಿಕೊಂಡರೂ ಅಮ್ಮ ಕುರ್ಚಿಗೇ ಬಂದಳು. ಈ ರೋಗ ತನಗೆ ಬೇಕಾದ್ದನ್ನು ತೆಗೆದುಕೊಂಡೇ ಹೋಗುತ್ತದೆ. ಓಡಿ ತಪ್ಪಿಸಿಕೊಳ್ಳುತ್ತೇನೆ ಅಂದುಕೊಂಡದ್ದು ನನ್ನ ಹುಚ್ಚು. ನೀನು ಗೆದ್ದೆ ಅಜ್ಜಿ. ಕೂತಿದ್ದೇನೆ. ಅಲುಗಾಡುತ್ತಿಲ್ಲ.

ಇನ್ನು ಬರೆಯುವುದಕ್ಕೆ ಏನೂ ಇಲ್ಲ.

ನಿನ್ನ ಮೊಮ್ಮಗಳು


ಮೇ 11

ಬುಗುರಿ,

ಈ ಪತ್ರ ಓದುವ ಮೊದಲು ಮಂಡಿಗೆ ಸುತ್ತಿದ ಬಟ್ಟೆ ಬಿಚ್ಚು. ಬಿಚ್ಚಿದ ಮೇಲೆ ಮುಂದಕ್ಕೆ ಓದು.

ನಿನ್ನ ಪತ್ರ ನಿನ್ನೆ ಬಂತು. ‘ಅಷ್ಟು ಪ್ರೀತಿಯಿಂದ’ ಅಂತ ಬರೆದಿದ್ದೀಯಲ್ಲ, ಅಲ್ಲಿಂದ ಮುಂದೆ ಅಕ್ಷರ ಕಾಣಲಿಲ್ಲ. ಗಡಿಯಾರದವನೇ ಓದಿ ಹೇಳಿದ. ಅವನು ಓದುತ್ತಿದ್ದಾಗ ನನಗೆ ಓಡಿಹೋಗಬೇಕು ಅನ್ನಿಸಿತು, ಎಲ್ಲಿಗಾದರೂ.

ಯಾರಿಗೂ ಹೇಳದ ವಿಷಯ ಇದು. ಪೂರ್ತಿ ಓದು.

ನಿನ್ನ ಅಮ್ಮನಿಗೆ ಬೇನೆ ಬಂದಾಗ ಅವಳಿಗೆ ಇಪ್ಪತ್ತೊಂಬತ್ತು. ಶಾಲೆಗೆ ನಡೆದು ಹೋಗಿ ಲೆಕ್ಕ ಕಲಿಸಿ ಬರುತ್ತಿದ್ದಳು. ಮಂಡಿ ಊದಿ ಮಲಗಿದಾಗ ನಮ್ಮ ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಕರೆದು ಹೇಳಿದರು: “ಶಾಖ ಕೊಡಿ. ನೋವು ಸ್ವಲ್ಪ ಇಳಿದ ಕೂಡಲೇ ಮಂಡಿ ಮಡಚಿಸಿ, ದಿನಕ್ಕೆ ಮೂರು ಹೊತ್ತು. ಅಳ್ತಾಳೆ. ಅತ್ತರೂ ನಿಧಾನವಾಗಿ ಮಾಡಿಸಿ, ಬಿಡಬೇಡಿ.”

ಎರಡು ದಿನ ಮಾಡಿಸಿದೆ. ಮೂರನೇ ದಿನ ಅವಳು ಕಿರುಚಿದ ಕಿರುಚು ಬೀದಿಗೆ ಕೇಳಿತು. ನೀನು ಮೇಜಿನ ಕೆಳಗೆ ನುಗ್ಗಿ ಎರಡೂ ಕಿವಿ ಮುಚ್ಚಿಕೊಂಡೆ. ಅದು ನಿನಗೆ ನೆನಪಿಲ್ಲವೇನೋ. ನಾನು ಕೈ ಬಿಟ್ಟುಬಿಟ್ಟೆ. ಹೆತ್ತವಳು, ಕೇಳಲಾಗಲಿಲ್ಲ. “ಡಾಕ್ಟರು ಹಾಗೇ ಇರ್ಲಿ ಅಂದ್ರು, ಇನ್ನು ಮಡಚೋದು ಬೇಡ್ವಂತೆ” ಅಂದೆ. ಅವಳು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

ಆಮೇಲೆ ನಾನು ನನಗೆ ಗೊತ್ತಿದ್ದದ್ದನ್ನು ಮಾಡಿದೆ. ನಮ್ಮ ಕೆಲಸದಲ್ಲಿ ಇಷ್ಟೇ: ಒದ್ದೆ ಮಾಡು, ಶಾಖ ಕೊಡು, ನೇರ ಹಿಡಿ, ಭಾರ ಇಡು, ಆರುವವರೆಗೆ ಅಲುಗಾಡಿಸಬೇಡ. ಮುದುಡಿದ್ದು ಯಾವುದಾದರೂ ನೆಟ್ಟಗಾಗುತ್ತದೆ. ಒದ್ದೆ ಬಟ್ಟೆ ಹಾಕಿ, ಅದರ ಮೇಲೆ ಬೆಚ್ಚನೆಯ ಇಸ್ತ್ರಿ ಆಡಿಸಿದೆ. ಕಾಲಿನ ಕೆಳಗೆ ಹಲಗೆ ಕೊಟ್ಟು ಹಳೆಯ ಬೆಡ್‌ಶೀಟಿನ ಪಟ್ಟಿಗಳಿಂದ ಬಿಗಿದು ಕಟ್ಟಿದೆ. ನಾಲ್ಕು ತಿಂಗಳು. ಅವಳಿಗೆ ನೋವು ಕಡಿಮೆಯಾಯಿತು, ನಿದ್ದೆ ಬಂತು. ಇಡೀ ಲಾಂಡ್ರಿಯಲ್ಲಿ ಹೇಳಿಕೊಂಡು ಓಡಾಡಿದೆ, ನನ್ನ ಕೈಗುಣ ನೋಡಿ ಅಂತ. ಬಿಚ್ಚಿದಾಗ ಮಂಡಿ ನೆಟ್ಟಗೇ ಇತ್ತು. ಹಾಗೆಯೇ ಉಳಿಯಿತು.

ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವಳನ್ನು ಎಕ್ಸ್-ರೇಗೆ ಒಳಗೆ ಕರೆದೊಯ್ದಿದ್ದಾಗ ಡಾಕ್ಟರಮ್ಮ ಕೇಳಿದರು, “ದಿನಾ ಮಡಚಿಸಿದ್ರಾ?”

“ಮೂರು ಹೊತ್ತೂ ಮಡಚಿಸಿದೆ,” ಅಂದೆ.

“ಹಾಗಾದ್ರೆ ರೋಗವೇ ಜೋರಾಗಿದೆ,” ಅಂದು ಅದನ್ನೇ ಬರೆದುಕೊಂಡರು. ಆವತ್ತು ನಿಜ ಹೇಳಿದ್ದರೆ ಇನ್ನೂ ಏನಾದರೂ ಮಾಡುತ್ತಿದ್ದರೋ ಏನೋ. ಅದು ಗೊತ್ತಾಗುವ ದಾರಿಯಿಲ್ಲ. ಎಲ್ಲರೂ ರೋಗ ಅಂದರು, ನಾನೂ ರೋಗ ಅಂದೆ. ನೀನು ಅದನ್ನೇ ನಂಬಿ ಬೆಳೆದೆ. ಆ ಕುರ್ಚಿಗೆ ಹೆದರಿ ಮಾತ್ರೆ ನುಂಗಿ ಓಡಿದೆ, ಈಗ ಅದೇ ಕುರ್ಚಿಗೆ ಸೋತು ಮಲಗಿದ್ದೀಯ. ಬೇನೆ ದೊಡ್ಡದೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಕುರ್ಚಿಯನ್ನು ತಂದಿಟ್ಟವಳು ನಾನು.

ಮೊದಲ ಪತ್ರದಲ್ಲಿ ನಿನಗೂ ‘ಅಲುಗಾಡಬೇಡ’ ಅಂತ ಬರೆದೆನಲ್ಲ. ಇಷ್ಟು ವರ್ಷವಾದರೂ ನನ್ನ ಬಾಯಿಗೆ ಬುದ್ಧಿ ಬಂದಿಲ್ಲ.

ನಿನ್ನ ಅಮ್ಮನಿಗೆ ಇದು ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಒಂದೇ ಮನೆಯಲ್ಲಿ ಇಷ್ಟು ವರ್ಷ ಉಂಡಿದ್ದೇವೆ. ಅವಳು ಕೇಳಿಲ್ಲ, ನಾನು ಹೇಳಿಲ್ಲ. ಒಮ್ಮೊಮ್ಮೆ ತನ್ನ ಮಂಡಿ ಸವರಿಕೊಳ್ಳುತ್ತಾ ನನ್ನನ್ನೇ ನೋಡುತ್ತಾಳೆ. ಆಗ ನಾನು ಮಾತು ಬದಲಿಸಿ ಯಾರನ್ನಾದರೂ ಬೈಯಲು ಶುರು ಮಾಡುತ್ತೇನೆ. ಎಲ್ಲರೂ ನನ್ನ ನಾಲಿಗೆ ಹರಿತ ಅನ್ನುತ್ತಾರೆ. ಯಾಕೆ ಹರಿತ ಅಂತ ಯಾರೂ ಕೇಳಿಲ್ಲ. ಈಗ ಬರೆಯುತ್ತಿರುವಾಗಲೂ ಅವಳು ಇಲ್ಲೇ ಇದ್ದಾಳೆ. “ಗಂಜಿಯವಳಿಗೆ ಇಷ್ಟುದ್ದ ಏನಮ್ಮ ಬರೀತೀಯ?” ಅಂದಳು. ನನ್ನ ಬಾಯಿಂದ ಬೈಗುಳವೂ ಬರಲಿಲ್ಲ.

ಈಗ ನೀನು ಮಾಡಬೇಕಾದ್ದು ಕೇಳು. ಕಟ್ಟು ಹಾಕಿದ ಪಾದದ ತಂಟೆಗೆ ಹೋಗಬೇಡ, ಅದನ್ನು ನೆಲಕ್ಕೆ ಊರಬೇಡ. ನಾಳೆಯೇ ಯಾರನ್ನಾದರೂ ಹಿಡಿದುಕೊಂಡು ನಿನ್ನ ಕೀಲಿನ ಡಾಕ್ಟರ ಹತ್ತಿರ ಹೋಗು. ಎಷ್ಟು ಮಾತ್ರೆ ನುಂಗಿದೆ, ಎಷ್ಟು ದಿನ ಮಂಡಿ ಬಿಗಿದಿಟ್ಟೆ, ಎಲ್ಲ ನಿಜ ಹೇಳು. ನನ್ನ ಹಾಗೆ ‘ಮೂರು ಹೊತ್ತೂ’ ಅನ್ನಬೇಡ. ಅವರು ಎಷ್ಟು ಮಡಚು ಅನ್ನುತ್ತಾರೋ ಅಷ್ಟು ಮಡಚು. ಅಳು, ಕಿರುಚು, ಮನೆಯೊಡತಿ ಬಾಗಿಲು ಬಡಿಯಲಿ. ನಿಲ್ಲಿಸಬೇಡ. ಮೂಳೆ ಕೂಡಿದ ಮೇಲೆ ಡಾಕ್ಟರು ಒಪ್ಪಿದರೆ ಆ ಮೇಷ್ಟ್ರ ಹುಲ್ಲಿಗೆ ಹೋಗು. ಐದೇ ನಿಮಿಷ, ಬರಿಗಾಲು, ಹೊಟ್ಟೆಯಲ್ಲಿ ನೋವಿನ ಮಾತ್ರೆಯಿಲ್ಲದೆ. ಕಾಲು ಬೇಡ ಅಂದರೆ ಅದರ ಮಾತು ಕೇಳು, ಬೇಕು ಅಂದರೂ ಕೇಳು. ಇದನ್ನು ಬರೆಯುವಾಗ ನನಗೆ ಹೆದರಿಕೆ ಹೋಗಿದೆ ಅಂದುಕೊಳ್ಳಬೇಡ. ನೀನು ಓಡಿದರೆ ಹೆದರಿಕೆ, ಮಲಗಿದರೆ ಅದಕ್ಕಿಂತ ಹೆದರಿಕೆ. ಎರಡರಲ್ಲಿ ಸಣ್ಣದನ್ನು ಆರಿಸಿಕೊಂಡಿದ್ದೇನೆ.

ನಿನ್ನ ಅಮ್ಮನಿಗೆ ನಾನೇ ಹೇಳುತ್ತೇನೆ, ನನ್ನದೂ ನಿನ್ನದೂ ಎರಡನ್ನೂ. ಆದರೆ ನಿನ್ನ ಉತ್ತರ ಕೈಯಲ್ಲಿಲ್ಲದೆ ಅವಳ ಎದುರು ನಿಲ್ಲುವ ಧೈರ್ಯ ನನಗಿಲ್ಲ. ನಿನ್ನ ಮಂಡಿಯಾದರೂ ಮಡಚಿತು ಅಂತ ಅವಳಿಗೆ ಹೇಳಲು ನನ್ನ ಹತ್ತಿರ ಒಂದು ಮಾತಿರಬೇಕು. ಇನ್ನು ಮೇಲೆ ನಾನು ನಿನ್ನ ಅಜ್ಜಿ ಅಲ್ಲ ಅನ್ನಿಸಿದರೆ ಅದನ್ನೂ ಬರೆ, ಓದಿಕೊಳ್ಳುತ್ತೇನೆ. ಆದರೆ ಅದು ಎರಡನೇ ಸಾಲಿನಲ್ಲಿರಲಿ. ಮೊದಲ ಸಾಲಿನಲ್ಲಿ ಮಂಡಿ ಎಷ್ಟು ಮಡಚಿತು ಅಂತ ಬರೆ, ಒಂದು ಬೆರಳಿನಷ್ಟಾದರೂ ಸರಿ. ಜೂನ್ ತಿಂಗಳು ಹುಟ್ಟುವುದರೊಳಗೆ ಆ ಸಾಲು ನನ್ನ ಕೈಗೆ ಬಂದಿರಬೇಕು.

ಅಜ್ಜಿ